ಎರಡು ಫೋನುಗಳು, ಒಂದು ಕರೆ

ಇತ್ತೀಚೆಗೆ ಪರಿಚಿತರೊಬ್ಬರ ಹೊಸ ಮನೆಯ ಗುರುಪ್ರವೇಶಕ್ಕೆ ಹೋಗಿದ್ದೆವು. ಪ್ರಸಾದದ ಪಂಕ್ತಿಯಲ್ಲಿ ನಮ್ಮ ಎದುರಿಗೆ ಇಬ್ಬರು ತರುಣರು ಕುಳಿತಿದ್ದರು. ಒಬ್ಬರ ಕೈಯಲ್ಲಿ ಐಫೋನು, ಇನ್ನೊಬ್ಬರ ಕೈಯಲ್ಲಿ ಆಂಡ್ರಾಯ್ಡ್ ಫೋನು. ಯಾವುದು ಮೇಲು ಎಂಬ ಚರ್ಚೆ ಹುಗ್ಗಿ ಬಡಿಸುವವರೆಗೂ ನಡೆದು, ಮಜ್ಜಿಗೆ ಬಂದರೂ ತೀರಲಿಲ್ಲ. ಕೊನೆಗೆ ಅವರಲ್ಲೊಬ್ಬರು ನಮ್ಮ ಕಡೆ ತಿರುಗಿ, “ಅಜ್ಜಾರ, ನಿಮ್ಮ ಹತ್ರ ಎರಡೂ ಅದಾವಂತಲ್ರಿ. ನೀವ ಹೇಳ್ರಿ, ಯಾವುದು ಚಲೋ?” ಎಂದರು. ಆ ಹೊತ್ತಿಗೆ ನಮಗೆ ಉತ್ತರ ಹೊಳೆಯಲಿಲ್ಲ, ನಕ್ಕು ಸುಮ್ಮನಾದೆವು. ಮನೆಗೆ ಬಂದ ಮೇಲೆ, ಹೇಳಬೇಕಾದದ್ದು ಬಹಳವಿತ್ತೆಂದು ತೋರಿತು. ಅದನ್ನೇ ಇಲ್ಲಿ ಓದುಗರ ಮುಂದೆ ಇಡುತ್ತಿದ್ದೇವೆ.

ನಮ್ಮಲ್ಲಿ ಎರಡು ಫೋನುಗಳಿರುವುದು ಆಡಂಬರಕ್ಕಾಗಿ ಅಲ್ಲ. ಮೊದಲಿನಿಂದ ಇದ್ದದ್ದು ಹದಿನೈದು ಸಾವಿರ ರೂಪಾಯಿಯೊಳಗಿನ ಒಂದು ಆಂಡ್ರಾಯ್ಡ್ ಫೋನು. 2023ರ ಆರಂಭದಲ್ಲಿ ಬೆಂಗಳೂರಿನಲ್ಲಿರುವ ನಮ್ಮ ಮಗ ತಾನು ಬಳಸಿದ ಐಫೋನನ್ನು ನಮಗೆ ಕೊಟ್ಟನು. ಎರಡರಲ್ಲಿಯೂ ಬೇರೆ ಬೇರೆ ಕಂಪನಿಗಳ ಸಿಮ್ ಹಾಕಿಸಿದೆವು. ಹೀಗೆ ಎರಡು ಯಂತ್ರಗಳನ್ನೂ ಎರಡು ಸೇವೆಗಳನ್ನೂ ನಿತ್ಯದ ಬಳಕೆಯಲ್ಲಿ ಹೋಲಿಸಿ ನೋಡುವ ಅವಕಾಶ ತಾನಾಗಿ ಒದಗಿತು.

ನಾವು ಮಠದಲ್ಲಿ ಅಧ್ಯಯನ ಮಾಡುತ್ತಿದ್ದ ಕಾಲದಲ್ಲಿ ಮನೆಯ ಸುದ್ದಿ ಬರುತ್ತಿದ್ದುದು ಅಂಚೆಯ ಕಾರ್ಡಿನಲ್ಲಿ. ಅಕ್ಕ ಬರೆಯಿಸಿದ ಕಾರ್ಡು ನಮ್ಮ ಕೈ ಸೇರುವಾಗ ಅದರೊಳಗಿನ ಜ್ವರ ವಾಸಿಯಾಗಿರುತ್ತಿತ್ತು. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರೊಡನೆ ಮಾತನಾಡಿದರು. ಆಗ ಕರೆ ಮಾಡಿದವರಷ್ಟೇ ಅಲ್ಲ, ಕರೆ ಸ್ವೀಕರಿಸಿದವರೂ ಹಣ ತೆರಬೇಕಾಗಿತ್ತು. 2003ರಲ್ಲಿ ಆ ಪದ್ಧತಿ ನಿಂತ ಮೇಲೆಯೇ ಮೊಬೈಲು ಬಡವರ ಮನೆಯ ಹೊಸ್ತಿಲು ದಾಟಿತು. ಅಮೆರಿಕದಲ್ಲಿ ಐಫೋನು 2007ರಲ್ಲಿ, ಮೊದಲ ಆಂಡ್ರಾಯ್ಡ್ ಫೋನು 2008ರಲ್ಲಿ ಮಾರುಕಟ್ಟೆಗೆ ಬಂದವು. ಇಂದು ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೇ ಐಫೋನು ಜೋಡಣೆಯಾಗುತ್ತದೆ. ಕಾಲ ಎಷ್ಟು ಬೇಗ ನಡೆಯಿತು!

ಇನ್ನು ಹೋಲಿಕೆಗೆ ಬರೋಣ. ನಮ್ಮಂಥವರಿಗೆ ಮೊದಲ ಪ್ರಶ್ನೆ ಕನ್ನಡದ್ದು. ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ 2014ರಿಂದಲೇ ಫೋನಿನ ಸೂಚನೆಗಳೆಲ್ಲ ಕನ್ನಡದಲ್ಲಿ ಕಾಣುವ ಅನುಕೂಲವಿದೆ. ಗೂಗಲಿನವರು 2017ರಲ್ಲಿ ಕನ್ನಡವನ್ನು ಬಾಯಿಂದ ಹೇಳಿ ಬರೆಯಿಸುವ ಸೌಲಭ್ಯವನ್ನೂ ಕೊಟ್ಟರು. ನಮ್ಮ ಮನೆಯವರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಮಗನಿಗೆ ಸಂದೇಶ ಹೇಳಿ ಬರೆಯಿಸುವುದು ಈ ಫೋನಿನಲ್ಲಿಯೇ. ಐಫೋನಿನಲ್ಲಿ ಕನ್ನಡದ ಕೀಲಿಮಣೆ ಬಂದದ್ದು 2017ರಲ್ಲಿ. ಅಕ್ಷರಗಳು ಅದರಲ್ಲಿ ಬಹಳ ಸ್ಪಷ್ಟವಾಗಿ, ಕಣ್ಣಿಗೆ ಆಯಾಸವಾಗದಂತೆ ಕಾಣುತ್ತವೆ. ವಚನಗಳನ್ನು ಓದುವುದಕ್ಕೆ ನಾವು ಐಫೋನನ್ನೂ ಬರೆಯುವುದಕ್ಕೆ ಆಂಡ್ರಾಯ್ಡನ್ನೂ ಹಿಡಿಯುತ್ತೇವೆ. ಫ. ಗು. ಹಳಕಟ್ಟಿಯವರು ತಾಡೋಲೆಗಳಿಗಾಗಿ ಊರೂರು ಅಲೆದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಅವರ ಶ್ರಮದ ಫಲವನ್ನು ನಾವಿಂದು ಹಾಸಿಗೆಯ ಮೇಲೆ ಒರಗಿಕೊಂಡೇ ಓದುತ್ತಿದ್ದೇವೆ ಎಂದು ನೆನೆದಾಗ ಕೊಂಚ ಸಂಕೋಚವೇ ಆಗುತ್ತದೆ.

ಬಾಳಿಕೆಯಲ್ಲಿ ಐಫೋನು ಮುಂದು. 2018ರ ಐಫೋನ್ ಎಕ್ಸ್‌ಆರ್ ಮಾದರಿಗೆ 2024ರ ಹೊಸ ತಂತ್ರಾಂಶವೂ ದೊರೆಯಿತು. ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನುಗಳಲ್ಲಿ ಇಷ್ಟು ವರ್ಷ ಹೊಸ ತಂತ್ರಾಂಶ ಬರುವುದು ವಿರಳ. ಆದರೆ ಐಫೋನಿನ ಒಂದರ ಬೆಲೆಯಲ್ಲಿ ಸಾಧಾರಣ ಆಂಡ್ರಾಯ್ಡ್ ಫೋನು ಮನೆಮಂದಿಗೆಲ್ಲ ಬರುತ್ತದೆ. ಚಾರ್ಜರಿನ ಮಾತೂ ಹಾಗೆಯೇ. 2023ರ ಐಫೋನ್ 15ಕ್ಕಿಂತ ಮೊದಲಿನ ಐಫೋನುಗಳಿಗೆ ತಮ್ಮದೇ ಬಗೆಯ ತಂತಿ ಬೇಕು. ಧಾರವಾಡದಲ್ಲಿ ಇದೊಂದು ತೊಂದರೆಯೇ ಅಲ್ಲ. ಹಳ್ಳಿಗೆ ಹೋದಾಗ ಆ ತಂತಿ ಮರೆತರೆ ಊರೆಲ್ಲ ಹುಡುಕಿದರೂ ಸಿಕ್ಕುವುದು ಕಷ್ಟ. ಇನ್ನೊಂದರದು ಕಿರಾಣಿ ಅಂಗಡಿಯಲ್ಲಿಯೂ ದೊರೆಯುತ್ತದೆ. ಒಟ್ಟಿನಲ್ಲಿ, ಒಂದರ ಗುಣ ಇನ್ನೊಂದಕ್ಕಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಆದರೆ ಫೋನು ಕಣ್ಣಿಗೆ ಕಾಣುವ ವಸ್ತು. ಅದಕ್ಕೆ ಜೀವ ಕೊಡುವ ಸೇವೆ ಕಣ್ಣಿಗೆ ಕಾಣದು. ಹಣತೆಯ ಚೆಲುವನ್ನು ನೋಡಿ ಎಣ್ಣೆಯನ್ನು ಮರೆತಂತೆ, ಜನರು ಫೋನಿನ ವಿಷಯದಲ್ಲಿ ವಾದಿಸುತ್ತಾರೆ. ಸಿಮ್ಮಿನ ವಿಷಯದಲ್ಲಿ ಯೋಚಿಸುವುದಿಲ್ಲ. ನಾವೂ ಯೋಚಿಸಿರಲಿಲ್ಲ. ಕಂಪನಿಗಳ ಹೆಸರು ಇಲ್ಲಿ ಬೇಡ. ಮೊದಲ ಸೇವೆ, ಎರಡನೆಯ ಸೇವೆ ಎಂದು ಕರೆಯೋಣ. ಧಾರವಾಡದ ನಮ್ಮ ಮನೆಯಲ್ಲಿ ಮೊದಲ ಸೇವೆ ಪೂಜೆಯ ಕೋಣೆಯ ಒಳಗೂ ಕೇಳಿಸುತ್ತಿತ್ತು. ಎರಡನೆಯದಕ್ಕೆ ಅಂಗಳಕ್ಕೆ ಬರಬೇಕಿತ್ತು. ಬಸ್ಸಿನಲ್ಲಿ ಹಾನಗಲ್ಲಿನ ಕಡೆಗೆ ಹೊರಟರೆ ಅವೆರಡರ ಸ್ಥಾನ ದಾರಿಯಲ್ಲಿಯೇ ಅದಲು ಬದಲಾಗುತ್ತಿತ್ತು.

ಇದರ ಕಾರಣವನ್ನು ತಿಳಿದವರು ಹೀಗೆ ವಿವರಿಸುತ್ತಾರೆ. ತರಂಗದ ಆವರ್ತನ ಕಡಿಮೆಯಿದ್ದಷ್ಟೂ ಅದು ಹೆಚ್ಚು ದೂರ ಸಾಗುತ್ತದೆ, ಗೋಡೆಗಳನ್ನೂ ಚೆನ್ನಾಗಿ ದಾಟುತ್ತದೆ. 700 ಅಥವಾ 900 ಮೆಗಾಹರ್ಟ್ಸ್‌ನ ತರಂಗ ಹಳೆಯ ಮನೆಯ ದಪ್ಪ ಗೋಡೆಯ ಒಳಗೂ ಬರಬಲ್ಲದು. 2300 ಅಥವಾ 3300 ಮೆಗಾಹರ್ಟ್ಸ್‌ನದು ವೇಗವಾಗಿ ಮಾಹಿತಿ ತಂದರೂ ಗೋಡೆಗೆ, ಗುಡ್ಡಕ್ಕೆ ಬೇಗ ಸೋಲುತ್ತದೆ. ಇದರ ಮೇಲೆ ಟವರು ಎಷ್ಟು ಹತ್ತಿರವಿದೆ, ನಡುವೆ ಗುಡ್ಡವಿದೆಯೇ, ಕರೆಂಟು ಹೋದಾಗ ಟವರಿನ ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆ ಎಂಬುದೂ ಸೇರುತ್ತದೆ. ಆದಕಾರಣ ಯಾವ ಕಂಪನಿ ಒಳ್ಳೆಯದು ಎಂಬ ಪ್ರಶ್ನೆಗೆ ಇಡೀ ನಾಡಿಗೆ ಅನ್ವಯಿಸುವ ಉತ್ತರವಿಲ್ಲ. ಯಾವ ಊರಿನಲ್ಲಿ, ಯಾವ ಮನೆಯಲ್ಲಿ ಎಂದು ಕೇಳಬೇಕು.

ಇಷ್ಟು ತಿಳಿವಳಿಕೆ ನಮಗೆ ಮೊದಲೇ ಇದ್ದಿದ್ದರೆ!

ನಮ್ಮ ಅಕ್ಕನವರು ಹಾನಗಲ್ ತಾಲ್ಲೂಕಿನ ನಮ್ಮ ಹುಟ್ಟೂರಿನಲ್ಲಿ ಒಬ್ಬರೇ ಇರುತ್ತಾರೆ. ಭಾವನವರು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಧಾರವಾಡಕ್ಕೆ ಬನ್ನಿರೆಂದರೆ, ಬಾವಿ, ಎಮ್ಮೆ, ಗುಡಿಯ ಗಂಟೆ ಬಿಟ್ಟು ಬರಲಾರೆನೆನ್ನುತ್ತಾರೆ. ಅವರ ಫೋನಿನಲ್ಲಿದ್ದದ್ದು ಎರಡನೆಯ ಸೇವೆಯ ಸಿಮ್ಮು. ನಮ್ಮ ಮನೆಯಲ್ಲಿ ಮೊದಲ ಸೇವೆ ಚೆನ್ನಾಗಿ ನಡೆಯುವುದನ್ನು ಕಂಡು, ಅದೇ ಊರಿನಲ್ಲಿಯೂ ನಡೆದೀತೆಂದು ನಾವೇ ತೀರ್ಮಾನಿಸಿದೆವು. ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ 2011ರಿಂದ ಇದೆ. 1900ಕ್ಕೆ ಒಂದು ಸಂದೇಶ ಕಳಿಸಿದರೆ ಕೆಲಸ ಆರಂಭವಾಗುತ್ತದೆ. 2023ರ ಜೂನ್ ಕೊನೆಗೆ ಅಕ್ಕನ ಸಂಖ್ಯೆಯನ್ನು ಮೊದಲ ಸೇವೆಗೆ ಬದಲಿಸಿದೆವು. ವಾರದೊಳಗೆ ಅವರು, “ತಮ್ಮಾ, ಈಗ ಮಾತಾಡಾಕ ಹಿತ್ತಲದಾಗಿನ ಕಲ್ಲ ಮ್ಯಾಲೆ ನಿಂದ್ರಬೇಕಾಗೇತಿ ನೋಡಪಾ” ಎಂದರು. ಆ ಕಂಪನಿಯ ಟವರು ಗುಡ್ಡದ ಆಚೆಗಿತ್ತು. ಒಮ್ಮೆ ಬದಲಿಸಿದರೆ 90 ದಿನ ಮತ್ತೆ ಬದಲಿಸಲಾಗದೆಂಬ ನಿಯಮ ನಮಗೆ ಆಗಲೇ ತಿಳಿದದ್ದು. ಮೂರು ತಿಂಗಳು ತಾನೆ, ಕಳೆಯಲಿ ಎಂದುಕೊಂಡೆವು.

ಆ ಮೂರು ತಿಂಗಳು ಕಳೆಯುವ ಮೊದಲೇ, ನಿಜ ಶ್ರಾವಣದ ಒಂದು ಸಂಜೆ, ಮಳೆಯಲ್ಲಿ ಅಕ್ಕ ಹಿತ್ತಲಿನಲ್ಲಿ ಜಾರಿ ಬಿದ್ದರು. ಎದುರು ಮನೆಯ ಹುಡುಗಿಗೆ ಅವರ ಕೂಗು ಕೇಳಿಸಿತು. ಅಕ್ಕನ ಫೋನಿನಲ್ಲಿ ಟವರು ಸಿಗಲಿಲ್ಲ. ಬಾಗಿಲ ಹಿಂದೆ ಬರೆದಿಟ್ಟಿದ್ದ ನಮ್ಮ ಎರಡೂ ಸಂಖ್ಯೆಗಳನ್ನು ಆಕೆ ಅಂಗೈ ಮೇಲೆ ಬರೆದುಕೊಂಡಳು. ಕರೆಂಟು ಹೋಗಿ ಊರೊಳಗೆ ಯಾವ ಫೋನೂ ನಡೆಯದಿರಲು, ಬಸ್ ನಿಲ್ದಾಣದ ದಿಬ್ಬದವರೆಗೆ ಮಳೆಯಲ್ಲಿ ಓಡಿದಳು. ಅಲ್ಲಿಂದ ತನ್ನ ತಂದೆಯ ಫೋನಿನಲ್ಲಿ ನಮಗೆ ಕರೆ ಮಾಡಿದಳು. ಒಂದು ಸಂಖ್ಯೆಗೆ ಏಳು ಬಾರಿ, ಇನ್ನೊಂದಕ್ಕೆ ಐದು ಬಾರಿ.

ನಾವಾಗ ಶ್ರಾವಣದ ಪ್ರವಚನದಲ್ಲಿದ್ದೆವು. ಅಂದಿನ ವಿಷಯ ದಾಸೋಹ! ಎರಡೂ ಫೋನುಗಳು ಸದ್ದಿಲ್ಲದೆ ಚೀಲದೊಳಗಿದ್ದವು. ಪ್ರವಚನ ಮುಗಿದ ಮೇಲೆ ನೋಡಿದರೆ ಗುರುತಿಲ್ಲದ ಒಂದೇ ಸಂಖ್ಯೆಯಿಂದ ಹನ್ನೆರಡು ಮಿಸ್ಡ್ ಕಾಲ್. ಸಾಲ ಬೇಕೆ, ವಿಮೆ ಬೇಕೆ ಎಂದು ಕೇಳುವವರ ಕಾಟವಿರಬೇಕೆಂದುಕೊಂಡು, ಪ್ರಸಾದ ಸ್ವೀಕರಿಸಿ, ಮನೆಗೆ ಬಂದು ಮಲಗಿದೆವು. ಬೆಳಗಿನ ಜಾವ ಅದೇ ಸಂಖ್ಯೆಯಿಂದ ಕರೆ ಬಂದಾಗಲೇ ವಿಷಯ ತಿಳಿಯಿತು. ಆ ಹುಡುಗಿ ಮತ್ತು ಅವಳ ತಂದೆ ಹಾಲಿನ ಗಾಡಿಯವರನ್ನು ಎಬ್ಬಿಸಿ ಅಕ್ಕನನ್ನು ರಾತ್ರಿಯೇ ಹಾನಗಲ್ಲಿಗೆ ತಂದಿದ್ದರು. ತೊಡೆಯ ಮೂಳೆ ಮುರಿದಿತ್ತು. ಹುಬ್ಬಳ್ಳಿಗೆ ಒಯ್ದು ಶಸ್ತ್ರಚಿಕಿತ್ಸೆ ಮಾಡಿಸಲು ಮನೆಯವರ ಒಪ್ಪಿಗೆಗಾಗಿ ಕಾದಿದ್ದರು. ಎಪ್ಪತ್ತು ದಾಟಿದ ಜೀವ ಒಂದು ಇಡೀ ರಾತ್ರಿ ನೋವಿನಲ್ಲಿ ನಮ್ಮ ದನಿಗಾಗಿ ಕಾದಿತ್ತು.

ಶಸ್ತ್ರಚಿಕಿತ್ಸೆ ಗುರುಕೃಪೆಯಿಂದ ಸಫಲವಾಯಿತು. ಎಚ್ಚರವಾದ ಮೇಲೆ ಅಕ್ಕ ನಮ್ಮನ್ನು ಬೈಯಲಿಲ್ಲ. ಮೇಜಿನ ಮೇಲಿದ್ದ ಎರಡು ಫೋನುಗಳನ್ನು ನೋಡಿ, “ತಮ್ಮಾ, ನಿನ್ನ ಎರಡು ಫೋನಿಗಿಂತ ಆ ಹುಡುಗಿಯ ಎರಡು ಕಾಲು ದೊಡ್ಡವಾದುವು” ಎಂದಷ್ಟೇ ಅಂದರು. ನಾವು ತಲೆ ತಗ್ಗಿಸಿದೆವು. ಇಂದಿಗೂ ಅಕ್ಕ ಕೋಲು ಊರಿಕೊಂಡು ನಡೆಯುವುದನ್ನು ಕಂಡಾಗ ಆ ಮಾತು ಕಿವಿಯಲ್ಲಿ ಕೇಳಿಸುತ್ತದೆ.

ಆಮೇಲೆ ನಾವು ಕಲಿತದ್ದನ್ನು ಓದುಗರ ಮನೆಗಳಿಗೂ ಉಪಯೋಗವಾಗಲೆಂದು ಹೇಳುತ್ತೇವೆ. ಐಫೋನು, ಆಂಡ್ರಾಯ್ಡ್ ಎರಡರಲ್ಲಿಯೂ ‘ಡು ನಾಟ್ ಡಿಸ್ಟರ್ಬ್’ ಎಂಬ ವ್ಯವಸ್ಥೆಯಿದೆ. ಅದರೊಳಗೆ, ಆಯ್ದ ಕೆಲವರ ಕರೆ ಮಾತ್ರ ಸದ್ದು ಮಾಡುವಂತೆ ಇಡಬಹುದು. ಅಪರಿಚಿತರಾದರೂ ಮತ್ತೆ ಮತ್ತೆ ಕರೆದರೆ ಫೋನು ಬಾರಿಸುವಂತೆಯೂ ಇಡಬಹುದು: ಐಫೋನಿನಲ್ಲಿ ಮೂರು ನಿಮಿಷದೊಳಗೆ, ಆಂಡ್ರಾಯ್ಡಿನಲ್ಲಿ ಹದಿನೈದು ನಿಮಿಷದೊಳಗೆ ಅದೇ ಸಂಖ್ಯೆಯಿಂದ ಎರಡನೆಯ ಕರೆ ಬಂದರೆ ಸಾಕು. ಪ್ರವಚನದಂದು ನಾವು ಫೋನುಗಳ ಬಾಯಿ ಪೂರ್ತಿ ಕಟ್ಟುವ ಬದಲು ಇಷ್ಟು ಮಾಡಿದ್ದರೆ ಆ ಹುಡುಗಿಯ ಎರಡನೆಯ ಕರೆಗೇ ಎಚ್ಚರವಾಗುತ್ತಿತ್ತು. ಇನ್ನೊಂದು ಮಾತು. ತಮ್ಮ ಸಿಮ್ಮಿನ ಟವರು ಸಿಗದಿದ್ದರೂ, ಆ ಸ್ಥಳದಲ್ಲಿ ಬೇರೆ ಯಾವುದಾದರೂ ಕಂಪನಿಯ ಟವರು ಸಿಕ್ಕುವಂತಿದ್ದರೆ, ತುರ್ತು ಸಂಖ್ಯೆ 112ಕ್ಕೆ ಅದರ ಮೂಲಕ ಕರೆ ಹೋಗಬಲ್ಲದು. ಇದನ್ನು ಮನೆಯ ಹಿರಿಯರಿಗೂ ಮಕ್ಕಳಿಗೂ ಹೇಳಿಕೊಡಬೇಕು.

ಅಕ್ಕನಿಗೆ ಈಗ ಎರಡು ಸಿಮ್ ಹಿಡಿಯುವ ಸಾದಾ ಫೋನು ಕೊಡಿಸಿದ್ದೇವೆ. ಹಳೆಯ ಸಂಖ್ಯೆ ತನ್ನ ಮೊದಲಿನ ಕಂಪನಿಗೆ ಮರಳಿದೆ; ಜೊತೆಗೆ ಇನ್ನೊಂದರ ಸಿಮ್ಮೂ ಇದೆ. ಅವರಿಗೆ ಬೇಕಾದದ್ದು ಮಾತು ಮಾತ್ರ, ಇಂಟರ್ನೆಟ್ಟಲ್ಲ. ಅಂಥವರಿಗಾಗಿ ಕರೆ ಮತ್ತು ಎಸ್‌ಎಂಎಸ್ ಮಾತ್ರವಿರುವ ರೀಚಾರ್ಜನ್ನು ಪ್ರತ್ಯೇಕವಾಗಿ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಹಿರಿಯರ ಫೋನಿಗೆ ರೀಚಾರ್ಜ್ ಮಾಡಿಸುವ ಮಕ್ಕಳು ಅಂಗಡಿಯಲ್ಲಿ ಇದನ್ನು ಕೇಳಿ ಪಡೆಯಬೇಕು. ಎದುರು ಮನೆಯ ಹುಡುಗಿಯ ಸಂಖ್ಯೆಯನ್ನು ನಮ್ಮ ಎರಡೂ ಫೋನುಗಳಲ್ಲಿ ಮಗನ ಸಂಖ್ಯೆಗಿಂತ ಮೇಲೆ ಇಟ್ಟಿದ್ದೇವೆ.

ಇಷ್ಟಲಿಂಗ ಪೂಜೆಯ ವೇಳೆ ಅಂಗೈ ಲಿಂಗಕ್ಕೆ ಮೀಸಲು. ಆಗ ಫೋನು ಕೋಣೆಯ ಹೊರಗಿರಬೇಕೆಂಬುದು ನಮ್ಮ ಮನೆಯ ನಿಯಮ. ಅದು ಇಂದಿಗೂ ಬದಲಾಗಿಲ್ಲ. ಆದರೆ ಹೊರಗಿರುವ ಫೋನು ಈಗ ಮೂಕವಾಗಿರುವುದಿಲ್ಲ. ಸಂಕಟದಲ್ಲಿರುವವರ ದನಿ ಪೂಜೆಯ ನಡುವೆ ಬಂದರೆ ಅದನ್ನು ವಿಘ್ನವೆಂದು ನಾವು ಎಣಿಸುವುದಿಲ್ಲ. ಶರಣರು ಪೂಜೆಗೂ ದಾಸೋಹಕ್ಕೂ ನಡುವೆ ಗೋಡೆ ಕಟ್ಟಲಿಲ್ಲವೆಂದು ನಲವತ್ತು ವರ್ಷ ವೇದಿಕೆಯ ಮೇಲೆ ಹೇಳುತ್ತ ಬಂದೆವು. ಆ ಮಾತಿನ ಅರ್ಥವನ್ನು ಕಲಿಸಿದ್ದು ನಾವು ಎತ್ತದೆ ಬಿಟ್ಟ ಹನ್ನೆರಡು ಕರೆಗಳು.

ಗುರುಪ್ರವೇಶದ ಪಂಕ್ತಿಯಲ್ಲಿ ಕೇಳಿದ ತರುಣರಿಗೆ ಈಗ ನಮ್ಮ ಉತ್ತರವಿದು. ಓದಲು ಐಫೋನು ಹಿತ, ಬರೆಯಲು ಆಂಡ್ರಾಯ್ಡ್ ಸುಲಭ. ನಿಮ್ಮ ಶಕ್ತಿಗೆ ತಕ್ಕದ್ದನ್ನು ಕೊಳ್ಳಿರಿ. ಸಿಮ್ಮನ್ನು ಮಾತ್ರ ನಿಮ್ಮ ಊರಿನಲ್ಲಿ ನಿಂತು ಆರಿಸಬೇಡಿರಿ. ನಿಮ್ಮ ಕರೆಗಾಗಿ ಕಾಯುವವರ ಮನೆಯೊಳಗೆ ನಿಂತು ಆರಿಸಿರಿ. ಹನ್ನೆರಡು ಬಾರಿ ಕರೆದವರು ಯಾರೇ ಇರಲಿ, ಒಮ್ಮೆ ತಿರುಗಿ ಕರೆದು ಕೇಳಿರಿ. ಹಣದ ಮಾತು, ಬೆದರಿಕೆಯ ಮಾತು ಬಂದರೆ ಇಟ್ಟುಬಿಡಲು ಕ್ಷಣ ಸಾಕು.