ಬಾಡಿಗೆಯ ದೋಣಿ, ಸ್ವಂತದ ಹೊಣೆ

ನೀಲೇಶ್ವರದ ಕೋಟ್ಟಪ್ಪುರಂ ಕಡವಿನಲ್ಲಿ ಬೆಳಗಿನ ಏಳು ಗಂಟೆಗೆ ಪ್ರವಾಸಿಗರಿರುವುದಿಲ್ಲ. ದೋಣಿಯ ಕೆಲಸದವರಷ್ಟೇ ಇರುತ್ತಾರೆ. ತೇಜಸ್ವಿನಿ ಹೊಳೆ ವಲಿಯಪರಂಬದ ಹಿನ್ನೀರಿನತ್ತ ಸಾಗುವ ಈ ಪರಿಸರ ಕನ್ನಡ ಓದುಗರಿಗೆ ಅಪರಿಚಿತವಲ್ಲ. ನಿರಂಜನರ ‘ಚಿರಸ್ಮರಣೆ’ಯ ಕಯ್ಯೂರು ಇದೇ ಹೊಳೆಯ ದಂಡೆಯಲ್ಲಿದೆ. ಇಂದು ಆ ನೀರಿನ ಮೇಲೆ ಮೋಟಾರು ಅಳವಡಿಸಿದ ವಿಹಾರನೌಕೆಗಳು ದಿನಬಾಡಿಗೆಗೆ ಸಂಚರಿಸುತ್ತವೆ.

ಇಂತಹ ನೌಕೆಯನ್ನು ನಡೆಸುವವನನ್ನು ಕೇರಳದಲ್ಲಿ ಸ್ರಾಂಕ್ ಎನ್ನುತ್ತಾರೆ. ಯಂತ್ರವನ್ನು ನೋಡಿಕೊಳ್ಳುವವನು ಡ್ರೈವರ್. ಹಗ್ಗ ಕಟ್ಟಿ ಬಿಚ್ಚುವವನು ಲಸ್ಕರ್. ಒಂದು ಶನಿವಾರ ಆ ಕಡವಿನಲ್ಲಿದ್ದ ಸ್ರಾಂಕ್ ಐವತ್ತು ದಾಟಿದವನು, ಮಿತಭಾಷಿ. ಅವನು ಮೊದಲು ಮುಟ್ಟಿದ್ದು ಯಂತ್ರವನ್ನಲ್ಲ. ನೆಲದ ಹಲಗೆಯೊಂದನ್ನು ಎತ್ತಿ ದೋಣಿಯ ತಳವನ್ನು ಇಣುಕಿ ನೋಡಿದನು. ತಳದಲ್ಲಿ ತುಸು ನೀರು ನಿಲ್ಲುವುದು ಸಹಜ. ನಿನ್ನೆಗಿಂತ ಇಂದು ಹೆಚ್ಚಿದೆಯೇ ಎಂಬುದೇ ಪ್ರಶ್ನೆ. ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡನು. ಉಪ್ಪಾಗಿದ್ದರೆ ಅದು ಹೊರಗಿನಿಂದ ಸೋರಿ ಬಂದುದು. ಸಪ್ಪೆಯಾಗಿದ್ದರೆ ಮಳೆಯದು ಅಥವಾ ತೊಟ್ಟಿಯದು.

ಅನಂತರ ಯಂತ್ರದ ಸರದಿ. ಅಳತೆಯ ಕಡ್ಡಿಯನ್ನು ಹೊರತೆಗೆದು ಎಣ್ಣೆಯ ಮಟ್ಟವನ್ನೂ ಬಣ್ಣವನ್ನೂ ನೋಡಿದನು. ಎಣ್ಣೆ ಹಾಲು ಬೆರೆಸಿದ ಚಹದಂತೆ ಕಂಡರೆ ಒಳಗೆ ನೀರು ಸೇರಿದೆ ಎಂದರ್ಥ. ಯಂತ್ರ ಚಾಲೂ ಆದೊಡನೆ ಬಾಗಿ, ತಂಪುಗೊಳಿಸುವ ನೀರು ಹೊರಕ್ಕೆ ಚಿಮ್ಮುತ್ತಿದೆಯೇ ಎಂದು ಪರೀಕ್ಷಿಸಿದನು. ಹಿನ್ನೀರಿನ ಪಾಚಿಯೋ ಪ್ಲಾಸ್ಟಿಕ್ ಚೀಲವೋ ನೀರೆಳೆಯುವ ಬಾಯಿಯನ್ನು ಮುಚ್ಚಿದರೆ, ಕೆಲವೇ ನಿಮಿಷಗಳಲ್ಲಿ ಯಂತ್ರ ಕಾದು ನಿಲ್ಲಬಹುದು. ಹಗ್ಗ ಬಿಚ್ಚುವ ಮೊದಲೇ ಗೇರನ್ನು ಮುಂದಕ್ಕೂ ಹಿಂದಕ್ಕೂ ಹಾಕಿ ನೋಡಿದನು. ದೋಣಿಗೆ ಬ್ರೇಕಿಲ್ಲ; ಹಿಂದುಮುಂದಾಗಿ ತಿರುಗುವ ಪ್ರೊಪೆಲರೇ ಅದರ ಬ್ರೇಕು.

ಒಂಬತ್ತೂವರೆಗೆ ಚಂದ್ರಗಿರಿಯ ಉತ್ತರದ ಕನ್ನಡ ಮಾಧ್ಯಮ ಶಾಲೆಯೊಂದರ ಬಸ್ಸು ಬಂದು ನಿಂತಿತು. ಮೂವತ್ತಾರು ಮಕ್ಕಳು, ನಾಲ್ವರು ಶಿಕ್ಷಕರು, ರಕ್ಷಕ ಶಿಕ್ಷಕ ಸಂಘದ ಐವರು. ಸ್ರಾಂಕ್ ಹಲಗೆಯ ಬಳಿ ನಿಂತು ಮಲಯಾಳದಲ್ಲಿ ಒಂದೊಂದೇ ತಲೆ ಎಣಿಸತೊಡಗಿದನು. ಮಕ್ಕಳಿಗೆ ಅದು ಆಟವಾಯಿತು. ಅವನು ‘ಮೂನ್ನು’ ಎಂದರೆ ಅವರು ‘ಮೂರು’ ಎಂದು ಕೂಗಿದರು. ಮಕ್ಕಳೂ ಶಿಕ್ಷಕರೂ ಹತ್ತಿದ ಮೇಲೆ ಅವನು ಕೈ ಅಡ್ಡ ಹಿಡಿದನು. ದೋಣಿಯ ಪಕ್ಕದಲ್ಲಿ ಬರೆದಿದ್ದ ಸಂಖ್ಯೆ ನಲವತ್ತು.

ಹಿರಿಯರು ವಾದಿಸಿದರು. ಮಕ್ಕಳ ತೂಕವೆಷ್ಟು, ಇಬ್ಬರು ಸೇರಿದರೆ ಒಬ್ಬ ದೊಡ್ಡವನಲ್ಲವೇ, ಬಾಡಿಗೆ ಪೂರ್ತಿ ಸಂದಾಯವಾಗಿಲ್ಲವೇ? ಮುಂಗಡ ಕೊಟ್ಟ ಕಾರ್ಯದರ್ಶಿಯ ಧ್ವನಿಯೇ ಎಲ್ಲರಿಗಿಂತ ಏರಿತ್ತು; ಅವನ ಮಗಳು ದೋಣಿಯಲ್ಲಿದ್ದಳು. ಸ್ರಾಂಕ್ ಉತ್ತರಿಸಿದ್ದು ಇಷ್ಟೇ: “ಪತ್ರದಲ್ಲಿ ತೂಕವಿಲ್ಲ, ತಲೆಯಿದೆ. ಜಾಕೆಟ್ಟು ನಲವತ್ತೇ ಇದೆ.” ಐವರೂ ದಡದಲ್ಲಿ ಉಳಿದರು.

ಆ ಹಟ ಅತಿಯೆನಿಸುವವರು ಕೇರಳದ ನೀರಿನ ನೆನಪುಗಳನ್ನು ಒಮ್ಮೆ ತಿರುವಿ ನೋಡಬೇಕು. 2007ರ ಫೆಬ್ರವರಿ 20ರಂದು ತಟ್ಟೇಕ್ಕಾಡಿನಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ ಹದಿನೆಂಟು ಮಂದಿ ತೀರಿಹೋದರು. ಅವರಲ್ಲಿ ಹದಿನೈದು ಮಂದಿ ಮಕ್ಕಳು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ನಲವತ್ತೈದು ಮಂದಿ. 2023ರ ಮೇ 7ರ ಸಂಜೆ ತಾನೂರಿನಲ್ಲಿ, ಮಿತಿಮೀರಿ ಜನರನ್ನು ಹೇರಿಕೊಂಡ ದೋಣಿ ಮಗುಚಿ ಇಪ್ಪತ್ತೆರಡು ಮಂದಿ. ಕಾನೂನು ಇಲ್ಲದೆ ಇದ್ದುದರಿಂದ ಆದ ಸಾವುಗಳಲ್ಲ ಇವು. 1917ರ ಒಳನಾಡು ನೌಕೆಗಳ ಕಾಯಿದೆಯಿತ್ತು. ಅದರ ಸ್ಥಾನದಲ್ಲಿ ಈಗ 2021ರ ಕಾಯಿದೆಯಿದೆ. ಅದು ನೌಕೆಯ ತಪಾಸಣೆ, ನೋಂದಣಿ, ಸಿಬ್ಬಂದಿಯ ಅರ್ಹತಾಪತ್ರ, ವಿಮೆ ಎಲ್ಲವನ್ನೂ ಬೇಡುತ್ತದೆ. ಆದರೆ ದೋಣಿ ಹೊರಡುವ ಗಳಿಗೆಯಲ್ಲಿ ಕಡವಿನಲ್ಲಿ ನಿಲ್ಲುವುದು ಕಾಯಿದೆಯ ಪುಸ್ತಕವಲ್ಲ, ಒಬ್ಬ ಮನುಷ್ಯ.

ದಡದಲ್ಲಿ ಉಳಿದ ಐವರ ಎದುರಿಗೆ ಇನ್ನೊಂದು ದೋಣಿಯನ್ನು ದುರಸ್ತಿಗೆಂದು ಮೇಲಕ್ಕೆಳೆದಿದ್ದರು. ಅದು ಕೆಟ್ಟುವಳ್ಳ, ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ್ದು. ಮುದುಕನೊಬ್ಬ ಸಡಿಲಾದ ಹೊಲಿಗೆಯನ್ನು ಬಿಚ್ಚಿ, ಸಂದಿಗೆ ನಾರು ತುರುಕಿ, ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿಯುತ್ತಿದ್ದನು. ಕಾಸರಗೋಡಿನ ಗುಡ್ಡಗಳಲ್ಲಿ ಗೇರು ಬೆಳೆಯುವವರಿಗೆ ಆ ಎಣ್ಣೆ ಕೈ ಸುಡುವುದು ಗೊತ್ತು. ಮರಕ್ಕೆ ಹುಳು ಹತ್ತದಂತೆ ಕಾಯುವುದೂ ಅದೇ. ಪ್ರೊಪೆಲರಿಗೆ ಸುತ್ತಿಕೊಂಡಿದ್ದ ಹರಿದ ಬಲೆಯನ್ನು ಹುಡುಗನೊಬ್ಬ ಕತ್ತಿಯಿಂದ ಕೊಯ್ದು ತೆಗೆಯುತ್ತಿದ್ದನು. ಕಾರ್ಯದರ್ಶಿ ಮೊದಲು ಕೈಕಟ್ಟಿ ಕುಳಿತಿದ್ದನು. ಬಳಿಕ ಎದ್ದು ಹತ್ತಿರ ಹೋದನು. ಪ್ರವಾಸಿಗನಿಗೆ ಕಾಣುವುದು ಮೇಲಿನ ಚಾವಣಿ, ಕುರ್ಚಿ, ಬಣ್ಣ. ದೋಣಿಯನ್ನು ತೇಲಿಸುವುದು ನೀರಿನ ಕೆಳಗಿನ ಈ ಕಪ್ಪು ಹಲಗೆ. ಯಾವ ಬಾಡಿಗೆದಾರನೂ ಅದನ್ನು ಬಾಗಿ ನೋಡುವುದಿಲ್ಲ.

1872ರ ಭಾರತೀಯ ಕರಾರು ಕಾಯಿದೆಯ 151ನೆಯ ಕಲಮು ಒಂದು ಸರಳ ಮಾತನ್ನು ಹೇಳುತ್ತದೆ. ಪರರ ವಸ್ತುವನ್ನು ಒಪ್ಪಿಸಿಕೊಂಡವನು, ಸಾಧಾರಣ ವಿವೇಕಿಯೊಬ್ಬ ತನ್ನ ಅಂತಹುದೇ ವಸ್ತುವನ್ನು ಎಷ್ಟು ಜತನದಿಂದ ಕಾಯುವನೋ ಅಷ್ಟು ಜತನ ವಹಿಸಬೇಕು. ದೋಣಿಯನ್ನೇ ವಶಕ್ಕೆ ಪಡೆದು ಬಾಡಿಗೆಗೆ ನಡೆಸುವವನಿಗೆ ಈ ಮಾತು ಸಲ್ಲುತ್ತದೆ. ಆದರೆ ಕಲಮು ಹೇಳುವುದು ಸರಕನ್ನು ಕುರಿತು. ಆ ದಿನ ಸ್ರಾಂಕಿಗೆ ಒಪ್ಪಿಸಿದ್ದು ಪರರ ಮಕ್ಕಳನ್ನು. ದೋಣಿ ಅವನದಲ್ಲ, ಮಕ್ಕಳೂ ಅವನವರಲ್ಲ, ಬಾಡಿಗೆಯ ಹಣವೂ ಅವನದಲ್ಲ. ಅವನದೆಂದು ಇದ್ದುದು ‘ಇಲ್ಲ’ ಎನ್ನುವ ಒಂದು ಮಾತು ಮಾತ್ರ. ಅದನ್ನು ಆಡಿದ್ದಕ್ಕೆ ಯಾರೂ ಸಂಬಳ ಹೆಚ್ಚಿಸುವುದಿಲ್ಲ. ಆಡದೆ ಹೋದರೆ ನಷ್ಟ ಯಾರದೆಂಬುದನ್ನು ತಟ್ಟೇಕ್ಕಾಡು ಹೇಳುತ್ತದೆ.

ಮಧ್ಯಾಹ್ನ ಎರಡು ಗಂಟೆಗೆ ದೋಣಿ ತಿರುಗಿ ಬಂತು. ವೇಗ ತಗ್ಗಿತು, ಪ್ರೊಪೆಲರು ಒಮ್ಮೆ ಹಿಂದಕ್ಕೆ ತಿರುಗಿತು, ಲಸ್ಕರ್ ಹಗ್ಗವೆಸೆದನು. ಸ್ರಾಂಕ್ ಮತ್ತೆ ಹಲಗೆಯ ಬಳಿ ನಿಂತು ಎಣಿಸತೊಡಗಿದನು. ಈ ಸಲ ಅವನ ಎದುರಿಗೆ, ದಡದಲ್ಲಿ, ಕಾರ್ಯದರ್ಶಿಯೂ ನಿಂತು ಕನ್ನಡದಲ್ಲಿ ಎಣಿಸುತ್ತಿದ್ದನು. ಅವನ ಮಗಳು ಇಳಿದದ್ದು ಹದಿನೇಳನೆಯವಳಾಗಿ. ಅವಳ ಕೈ ಹಿಡಿದುಕೊಂಡನೇ ಹೊರತು ಎಣಿಕೆಯನ್ನು ನಿಲ್ಲಿಸಲಿಲ್ಲ. ಕೊನೆಯ ಶಿಕ್ಷಕಿ ಇಳಿದಾಗ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ನಲವತ್ತು ಎಂದರು.