ಮಾಸಿದ ಬಣ್ಣದ ಮೂಲಪಾಠ

ಹಳೆಯ ವಸ್ತುವನ್ನು ಉಳಿಸುವುದು ಬೇರೆ, ಹೊಸದಾಗಿ ಕಾಣುವಂತೆ ಮಾಡುವುದು ಬೇರೆ. ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ಭೇದ ಚಿರಪರಿಚಿತ. ಆದರೆ ಹಸ್ತಪ್ರತಿ, ಶಾಸನ, ದೇವಾಲಯಗಳಿಗೆ ಮಾತ್ರ ಸಲ್ಲುವುದೆಂದು ಭಾವಿಸಲಾದ ಈ ವಿವೇಕವು ಹುಲ್ಲು ಕತ್ತರಿಸುವ ಒಂದು ಸಾಮಾನ್ಯ ಯಂತ್ರದ ವಿಷಯದಲ್ಲೂ ಅಷ್ಟೇ ತೀವ್ರವಾದ ಪ್ರಶ್ನೆಯಾಗಬಲ್ಲದು. ಅಮೆರಿಕದ ಹಳೆಯ ಕೈದೋಟದ ಟ್ರ್ಯಾಕ್ಟರುಗಳನ್ನು ಸಂಗ್ರಹಿಸುವವರ ನಡುವೆ ನಡೆದುಬಂದಿರುವ ಚರ್ಚೆ ಇದಕ್ಕೆ ನಿದರ್ಶನ. ಬಿಸಿಲು ಮಳೆಗಳಿಗೆ ಮಾಸಿದ ಮೂಲ ಬಣ್ಣವನ್ನು ಹಾಗೆಯೇ ಕಾಪಾಡಬೇಕೆ, ಇಲ್ಲವೇ ಕೆರೆದು ತೆಗೆದು ಹೊಸ ಬಣ್ಣ ಬಳಿಯಬೇಕೆ ಎಂಬುದೇ ಆ ಚರ್ಚೆಯ ತಿರುಳು.

ಈ ಯಂತ್ರಗಳ ಚರಿತ್ರೆ ದೀರ್ಘವಾದುದಲ್ಲ. ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದ ನಗರಗಳ ಅಂಚಿನಲ್ಲಿ ವಿಶಾಲವಾದ ಹಿತ್ತಲುಗಳಿರುವ ಮನೆಗಳು ಹಬ್ಬಿದವು. ಹೊಲದ ಟ್ರ್ಯಾಕ್ಟರು ಅಲ್ಲಿಗೆ ಅತಿಯಾಯಿತು, ಕೈಯಿಂದ ತಳ್ಳುವ ಯಂತ್ರ ಸಾಲದಾಯಿತು. ಈ ನಡುವಣ ಅಗತ್ಯದಿಂದ ಹುಟ್ಟಿದ್ದು ಕೈದೋಟದ ಟ್ರ್ಯಾಕ್ಟರು. ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿನಲ್ಲಿ ಸೆಸಿಲ್ ಪಾಂಡ್ 1946ರಲ್ಲಿ ಆರಂಭಿಸಿದ ಉದ್ಯಮದಿಂದ 'ವ್ಹೀಲ್ ಹಾರ್ಸ್' ಬಂದಿತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯ 'ಕಬ್ ಕೆಡೆಟ್' 1960ರಲ್ಲಿ ಬಂದಿತು. ವಿಸ್ಕಾನ್ಸಿನ್‌ನ ಹೊರಿಕಾನ್ ಕಾರ್ಖಾನೆಯಿಂದ ಜಾನ್ ಡಿಯರ್ ಸಂಸ್ಥೆಯ '110' ಮಾದರಿ 1963ರಲ್ಲಿ ಹೊರಬಿದ್ದಿತು. ಮೊದಲನೆಯದರ ಕೆಂಪು, ಎರಡನೆಯದರ ಹಳದಿ–ಬಿಳುಪು, ಮೂರನೆಯದರ ಹಸಿರು–ಹಳದಿ ಬರಿಯ ಅಲಂಕಾರವಾಗಿರಲಿಲ್ಲ. ದೂರದಿಂದಲೇ ಕುಲವನ್ನು ಹೇಳುವ ಲಾಂಛನಗಳಾಗಿದ್ದವು.

ಆ ಬಣ್ಣ ಹೇಗೆ ಮಾಸುತ್ತದೆ ಎಂಬುದನ್ನು ತಿಳಿಯದೆ ಅದನ್ನು ಕಾಪಾಡಲಾಗದು. ಎನಾಮೆಲ್ ಬಣ್ಣದಲ್ಲಿ ಮುಖ್ಯವಾಗಿ ಎರಡು ಅಂಶಗಳಿವೆ: ಬಣ್ಣವನ್ನು ಕೊಡುವ ವರ್ಣದ್ರವ್ಯ, ಅದನ್ನು ಹಿಡಿದಿಡುವ ಬಂಧಕ. ಬಿಸಿಲಿನ ಅತಿನೇರಳೆ ಕಿರಣಗಳು ಮೇಲ್ಪದರದ ಬಂಧಕವನ್ನು ಒಡೆಯುತ್ತವೆ. ಆಗ ಹಿಡಿತ ತಪ್ಪಿದ ವರ್ಣದ್ರವ್ಯ ಸುಣ್ಣದ ಪುಡಿಯಂತೆ ಬೆರಳಿಗೆ ಅಂಟುತ್ತದೆ. ಕೆಂಪು ನಸುಗೆಂಪಾಗಿ ತೋರುತ್ತದೆ. ಗೀರು ಬಿದ್ದಲ್ಲಿ ತೇವ ಒಳಸೇರಿ ಕಬ್ಬಿಣ ತುಕ್ಕಾಗುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಸುತ್ತಲಿನ ಬಣ್ಣದ ಅಂಚನ್ನು ಎಬ್ಬಿಸುತ್ತದೆ. ಆಸನದ ಕೆಳಗೆ, ಬ್ಯಾಟರಿಯ ಮರೆಯಲ್ಲಿ, ಬಿಸಿಲು ಕಾಣದ ಭಾಗದಲ್ಲಿ ಮಾತ್ರ ಕಾರ್ಖಾನೆಯ ಬಣ್ಣ ಮೊದಲಿನ ಹೊಳಪಿಗೆ ಹತ್ತಿರವಾಗಿ ಉಳಿದಿರುತ್ತದೆ.

ಮಾಸಿದ ಪದರವನ್ನು ಓದಬಲ್ಲವನಿಗೆ ಅದು ದಾಖಲೆ. ಪೆಟ್ರೋಲು ತುಂಬುವ ಮುಚ್ಚಳದ ಕೆಳಗೆ ಇಳಿದ ಕಲೆ, ಸೈಲೆನ್ಸರಿನ ಕಾವಿಗೆ ಕಂದಿದ ಬಾನೆಟ್ಟು, ಹಿಮ ತಳ್ಳುವ ಅಲಗನ್ನು ಜೋಡಿಸಿದಲ್ಲಿನ ಗೀರು, ಕಾರ್ಖಾನೆಯ ಕೆಲಸಗಾರನ ಅವಸರವನ್ನು ಹೇಳುವ ಬಣ್ಣದ ತೊಟ್ಟು, ಇವು ಪ್ರತಿಯೊಂದೂ ಒಂದೊಂದು ಸಾಕ್ಷ್ಯ. ಹೊಸ ಬಣ್ಣ ಬಳಿಯುವವನು ಮೊದಲು ಇವೆಲ್ಲವನ್ನೂ ಅಳಿಸುತ್ತಾನೆ.

ಇಲ್ಲಿ ಜಾನ್ ಡಿಯರ್ ಸಂಸ್ಥೆ 1969ರಲ್ಲಿ ನಡೆಸಿದ ಒಂದು ಪ್ರಯೋಗ ಗಮನಾರ್ಹ. ತನ್ನ ಪ್ರಸಿದ್ಧ ಹಸಿರಿನ ಜೊತೆಗೆ, ಬಿಳಿಯ ಒಡಲಿಗೆ ಹಳದಿ, ಕೆಂಪು, ಕಿತ್ತಳೆ, ನೀಲಿ ಬಾನೆಟ್ಟುಗಳನ್ನು ಜೋಡಿಸಿದ ಟ್ರ್ಯಾಕ್ಟರುಗಳನ್ನು ಅದು ಮಾರಾಟಕ್ಕೆ ತಂದಿತು. ಕೆಲವೇ ವರ್ಷಗಳಲ್ಲಿ ಆ ಪ್ರಯೋಗ ನಿಂತುಹೋಯಿತು. ಅಂಥ ನೀಲಿ ಬಾನೆಟ್ಟಿನ ಯಂತ್ರವೊಂದು ಚರಿತ್ರೆಯನ್ನರಿಯದವನ ಕೈಗೆ ಸಿಕ್ಕಿತೆನ್ನಿ. 'ಜಾನ್ ಡಿಯರ್ ಎಂದರೆ ಹಸಿರು' ಎಂಬ ನಂಬಿಕೆಯಿಂದ ಅವನು ಸದ್ಭಾವದಿಂದಲೇ ಹಸಿರು ಬಳಿಯುತ್ತಾನೆ. ಅಪರಿಚಿತ ಶಬ್ದವನ್ನು ಕಂಡ ಲಿಪಿಕಾರ ಅದನ್ನು ತಪ್ಪೆಂದು ಬಗೆದು ತನಗೆ ತಿಳಿದ ಶಬ್ದವನ್ನು ಬರೆದಿಡುವುದೂ ಹೀಗೆಯೇ. ಕ್ಲಿಷ್ಟಪಾಠವೇ ಪ್ರಾಯಃ ಮೂಲಪಾಠವೆಂದು ಸಂಪಾದಕರು ಎಚ್ಚರಿಸುವುದು ಈ ಕಾರಣದಿಂದ. ವ್ಯತ್ಯಾಸವಿಷ್ಟೆ: ಗ್ರಂಥಕ್ಕೆ ಬೇರೆ ಪ್ರತಿಗಳಿದ್ದರೆ ಕಳೆದ ಪಾಠ ಮರಳಿ ದೊರೆತೀತು, ಕೆರೆದುಹೋದ ಬಣ್ಣಕ್ಕೆ ಪಾಠಾಂತರವಿಲ್ಲ.

ಪ್ರಶ್ನೆ ಸಂಗ್ರಾಹಕರ ಹವ್ಯಾಸದ ಮಟ್ಟದಲ್ಲೇ ಉಳಿಯುವುದಿಲ್ಲ. ತಂದೆ ತೀರಿಕೊಂಡ ಮೇಲೆ ಅವರ ಟ್ರ್ಯಾಕ್ಟರು ಮಗನ ಪಾಲಿಗೆ ಬರುವುದುಂಟು. ಪಾದವಿಡುವ ತಗಡಿನಲ್ಲಿ ಬಣ್ಣ ಸವೆದು ಲೋಹ ಕಾಣುತ್ತಿರುತ್ತದೆ. ಅದು ತಂದೆಯ ಬೂಟು ವರ್ಷವರ್ಷಗಳ ಕಾಲ ಒಂದೇ ಸ್ಥಳದಲ್ಲಿ ಊರಿದ್ದರ ಗುರುತು. ಗೇರಿನ ಹಿಡಿಯ ಪಕ್ಕದ ಸವಕಲು ಅವರ ಕೈಯದು. ಮಗನಿಗೆ ತಂದೆಯ ಗೌರವಾರ್ಥವಾಗಿ ಯಂತ್ರವನ್ನು ಹೊಸದರಂತೆ ಹೊಳೆಯಿಸಬೇಕೆಂಬ ಆಸೆ ಹುಟ್ಟುತ್ತದೆ. ಆ ಆಸೆಯಲ್ಲಿ ಕಪಟವಿಲ್ಲ. ಆದರೆ ಕೆಲಸ ಮುಗಿದಾಗ ಮುಂದೆ ನಿಲ್ಲುವುದು ಅಂಗಡಿಯಿಂದ ಅಂದೇ ಬಂದಂಥ, ತಂದೆ ಒಮ್ಮೆಯೂ ಏರದಂಥ ಒಂದು ಯಂತ್ರ. ನೆನಪಿಗಾಗಿ ಮಾಡಿದ ಕೆಲಸವೇ ನೆನಪಿನ ಕೊನೆಯ ಸ್ಪರ್ಶವನ್ನು ಒರೆಸಿಹಾಕಿರುತ್ತದೆ.

ಐರೋಪ್ಯ ಚಿಂತನೆಯಲ್ಲಿ ಈ ದ್ವಂದ್ವ ಹಳೆಯದು. ಕಟ್ಟಡಗಳ ಪುನರುದ್ಧಾರವೆಂಬುದು ನಾಶದ ಇನ್ನೊಂದು ಹೆಸರೆಂದು ಜಾನ್ ರಸ್ಕಿನ್ 1849ರಲ್ಲೇ ವಾದಿಸಿದನು. ಫ್ರಾನ್ಸಿನ ವಿಯೊಲೆ-ಲ-ದ್ಯುಕ್ ಇದಕ್ಕೆ ವಿರುದ್ಧವಾಗಿ, ಹಿಂದೆಂದೂ ಇದ್ದಿರಲಾರದ ಪರಿಪೂರ್ಣ ರೂಪಕ್ಕೂ ಕಟ್ಟಡವನ್ನು ಕೊಂಡೊಯ್ಯಬಹುದೆಂದು ಭಾವಿಸಿದನು. 1963ರಲ್ಲಿ ಇಟಲಿಯ ಚೆಸಾರೆ ಬ್ರಾಂದಿ, ಕೃತಿಯು ಕಾಲದಲ್ಲಿ ಪಯಣಿಸಿ ಬಂದುದರ ಗುರುತುಗಳನ್ನೂ ಗೌರವಿಸಬೇಕೆಂದನು. ಮರುವರ್ಷದ ವೆನಿಸ್ ಸನ್ನದು ಊಹೆಗೆ ಎಡೆಯಾಗುವಲ್ಲಿ ದುರಸ್ತಿಯ ಕೈ ತಡೆಯಬೇಕೆಂದು ವಿಧಿಸಿತು. ಇವರಾರೂ ಟ್ರ್ಯಾಕ್ಟರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವರಲ್ಲ. ಆದರೂ ಹಿತ್ತಲ ಶೆಡ್ಡಿನಲ್ಲಿ ನಿಂತವನ ಮುಂದಿರುವುದು ಅದೇ ಆಯ್ಕೆ.

ಕಾಪಾಡುವುದೆಂದರೆ ಏನೂ ಮಾಡದೆ ಬಿಡುವುದಲ್ಲ. ಉಪೇಕ್ಷೆಯೂ ಅಳಿಸುತ್ತದೆ, ನಿಧಾನವಾಗಿ. ಮೊದಲು ಸೌಮ್ಯವಾದ ಸಾಬೂನು ನೀರು, ಮೆದು ಬಟ್ಟೆ. ರಭಸದ ನೀರಿನ ಧಾರೆ ತಗುಲಿದರೆ ಸಡಿಲವಾದ ಬಣ್ಣವೂ ಹಳೆಯ ಸ್ಟಿಕ್ಕರುಗಳೂ ಎದ್ದುಹೋಗುತ್ತವೆ. ಯಾವ ದ್ರಾವಣವನ್ನೇ ಆಗಲಿ ಮರೆಯಲ್ಲಿರುವ ಒಂದು ಮೂಲೆಯಲ್ಲಿ ಪರೀಕ್ಷಿಸಿಯೇ ಮುಂದುವರಿಯಬೇಕು. ಮರಳು ಕಾಗದದಿಂದ ಒಣಗಿದ ಹಳೆಯ ಬಣ್ಣವನ್ನು ಉಜ್ಜುವುದು ಅಪಾಯಕರ. ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಿಂದಿನ ಪದರಗಳ ಧೂಳಿನಲ್ಲಿ ಸೀಸವಿರಬಹುದು.

ಬಳಿಕ ರಕ್ಷಣೆಯ ಲೇಪ. ಕುದಿಸಿದ ಅಗಸೆ ಎಣ್ಣೆಯನ್ನು ಒರೆಸಿದರೆ ಮಾಸಿದ ಬಣ್ಣ ಕ್ಷಣಮಾತ್ರದಲ್ಲಿ ಕಳೆಗಟ್ಟುತ್ತದೆ, ಆದ್ದರಿಂದ ಅನೇಕರು ಅದಕ್ಕೆ ಒಲಿಯುತ್ತಾರೆ. ಆದರೆ ಆ ಎಣ್ಣೆ ಒಣಗಿ ಗಟ್ಟಿ ಪದರವಾಗುತ್ತದೆ, ಕಾಲಕ್ರಮದಲ್ಲಿ ಹಳದಿಗೆ ತಿರುಗುತ್ತದೆ, ಸುಲಭವಾಗಿ ಹಿಂತೆಗೆಯಲು ಬರುವುದಿಲ್ಲ. ಎಣ್ಣೆಯ ಬಟ್ಟೆಯನ್ನು ಮುದ್ದೆಯಾಗಿ ಎಸೆದರೆ ತಾನಾಗಿಯೇ ಕಾವೇರಿ ಬೆಂಕಿ ಹತ್ತುವುದೂ ಉಂಟು. ವಸ್ತುಸಂಗ್ರಹಾಲಯಗಳು ಮೇಣವನ್ನು ಮೆಚ್ಚುವುದು ಅದನ್ನು ಮುಂದೆ ತೆಗೆಯಬಹುದು ಎಂಬ ಒಂದೇ ಗುಣಕ್ಕಾಗಿ. ಇಂದಿನವರ ತೀರ್ಮಾನ ನಾಳಿನವರ ಕೈ ಕಟ್ಟಬಾರದು.

ತುಕ್ಕಿಗೆ ಟ್ಯಾನಿಕ್ ಆಮ್ಲವನ್ನು ಹಚ್ಚುವ ಕ್ರಮವೊಂದಿದೆ. ಅದು ತುಕ್ಕಿನೊಡನೆ ಬೆರೆತು ಕಪ್ಪಾದ ಸ್ಥಿರ ಪದರವಾಗುತ್ತದೆ. ಯುರೋಪಿನ ಹಸ್ತಪ್ರತಿಗಳನ್ನು ಶತಮಾನಗಳ ಕಾಲ ಬರೆದ ಕಬ್ಬಿಣದ ಶಾಯಿಯ ರಸಾಯನ ಇದೇ. ಅಳಲೆಕಾಯಿಯ ಒಗರು ಕಬ್ಬಿಣದ ರಸಕ್ಕೆ ಕೂಡಿ ಕಲಂಕಾರಿ ಬಟ್ಟೆಗೆ ಕಪ್ಪು ಬರುವುದೂ ಇದರಿಂದಲೇ. ಆದರೆ ಆ ಕಪ್ಪು ಮತ್ತೆ ಹೋಗದು. ಆದುದರಿಂದ ತುಕ್ಕಿರುವಷ್ಟು ಜಾಗದಲ್ಲಿ ಮಾತ್ರ, ಅಳೆದು ತೂಗಿ ಹಚ್ಚಬೇಕು.

ಈ ನಿಲುವಿಗೂ ಮಿತಿಯುಂಟು. ತಗಡು ತೂತಾಗಿ ಯಂತ್ರವೇ ಕುಸಿಯುವಂತಿದ್ದರೆ ಬಣ್ಣದ ಪಾವಿತ್ರ್ಯವನ್ನು ಹೇಳುತ್ತ ಕೂರುವುದು ಮೂಢತನ. ಹಿಂದೆಯೇ ಎರಡು ಮೂರು ಬಾರಿ ಬಣ್ಣ ಕಂಡ ಯಂತ್ರಕ್ಕೆ ಇನ್ನೊಂದು ಪದರ ಬಳಿದರೆ ದೊಡ್ಡ ನಷ್ಟವೇನೂ ಇಲ್ಲ. ಇತ್ತ, ಹಳತರ ಬೆಲೆ ಏರಿದಂತೆ ಹೊಸ ತಗಡಿಗೆ ಕೃತಕವಾಗಿ ತುಕ್ಕು, ಸವಕಲು ಹಚ್ಚುವ ಕೌಶಲವೂ ಬೆಳೆದಿದೆ. ಅದು ಪ್ರಾಚೀನವೆಂದು ತೋರುವಂತೆ ಬರೆದು ಸೇರಿಸಿದ ಪ್ರಕ್ಷಿಪ್ತ ಪದ್ಯಕ್ಕೆ ಸಮಾನ. ಹೊಳಪನ್ನು ಕೃತಕವಾಗಿ ತರುವುದಕ್ಕಿಂತ ಜೀರ್ಣತೆಯನ್ನು ಕೃತಕವಾಗಿ ತರುವುದು ಹೆಚ್ಚಿನ ವಂಚನೆ. ಹೊಸ ಬಣ್ಣ ತಾನು ಹೊಸದೆಂದಾದರೂ ಒಪ್ಪಿಕೊಳ್ಳುತ್ತದೆ.

ಹೊಸ ಬಣ್ಣವನ್ನು ಯಾವ ದಿನವಾದರೂ ಬಳಿಯಬಹುದು. ಹಳೆಯದನ್ನು ಕೆರೆಯಲು ದೊರೆಯುವುದು ಒಂದೇ ಅವಕಾಶ. ಸಂದೇಹವಿರುವಲ್ಲಿ ಕಾಯುವುದು ಸೋಮಾರಿತನವಲ್ಲ, ಸಂಪಾದಕಧರ್ಮ. ಸವೆದ ಪಾದದ ಗುರುತನ್ನು ಮೇಣದಿಂದ ಮೃದುವಾಗಿ ಒರೆಸಿ ಬಿಡುವ ಮಗ ಯಂತ್ರವನ್ನು ಸುಂದರವಾಗಿಸದೆ ಇರಬಹುದು. ತಂದೆ ಬರೆದ ಪಾಠವನ್ನು ತಿದ್ದದೆ ಮುಂದಿನವರಿಗೆ ದಾಟಿಸಿರುತ್ತಾನೆ.