ತಿನ್ನದೆ ಏರಿದ ಶುಗರ್

ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ಶುಗರ್ ಹೆಚ್ಚಾದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಏನು ತಿಂದಿರಿ?" ನಮ್ಮ ಮನೆಯಲ್ಲೂ ಹಾಗೆಯೇ. ಅಬ್ಬಾ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಆಲೆಮನೆಗಳಿಂದ ಬೆಲ್ಲ ತಂದು ಶ್ರೀರಂಗಪಟ್ಟಣದಲ್ಲಿ ಮಾರುತ್ತಾರೆ. ಮನೆಯ ತುಂಬ ಬೆಲ್ಲದ ವಾಸನೆ. ಹೀಗಿರುವಾಗ ಒಂದು ದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ದಾದಿಯ ಶುಗರ್ 190 ಬಂತು. ಚಾಚಿ ಮಾತಾಡದೆ ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದರು. "ರಾತ್ ಸೇ ಕುಛ್ ನೈ ಖಾಯಿ ಮೈಂ" ಎಂದರು ದಾದಿ. ರಾತ್ರಿಯಿಂದ ಏನೂ ತಿಂದಿಲ್ಲ ಎಂದು. ಎಪ್ಪತ್ತು ದಾಟಿದ ಹಿರಿಯರಿಗೆ ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅವರಿಗೆ ಅರ್ಥವಾಗಿತ್ತು. ಆ ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ.

ನಾನು ಕಾಮರ್ಸ್ ವಿದ್ಯಾರ್ಥಿ. ಕ್ಯಾಶ್‌ಬುಕ್ಕಿನಲ್ಲಿ ಹಣ ಹೆಚ್ಚು ಕಂಡರೆ ಅದು ಎಲ್ಲಿಂದ ಬಂತೆಂದು ಹುಡುಕಬೇಕು ಎಂಬುದು ನಮ್ಮ ಮೊದಲ ಪಾಠ. ಅದಕ್ಕೇ ಕಾಲೇಜಿನ ಜೀವಶಾಸ್ತ್ರದ ಮೇಡಂ ಅವರನ್ನು ಕೇಳಿದೆ: "ತಿನ್ನದಿದ್ದರೆ ಸಕ್ಕರೆ ಎಲ್ಲಿಂದ ಬಂತು?" ಅವರು "ಯಕೃತ್ತಿನಿಂದ" ಎಂದರು.

ಈ ಪ್ರಶ್ನೆ ಹಳೆಯದಂತೆ. 1848ರಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್, ಬರೀ ಮಾಂಸ ತಿಂದ ನಾಯಿಯ ಯಕೃತ್ತಿನಿಂದ ಹೊರಬರುವ ರಕ್ತದಲ್ಲೂ ಸಕ್ಕರೆ ಇರುವುದನ್ನು ಕಂಡರು. 1855ರಲ್ಲಿ ಯಕೃತ್ತಿನೊಳಗೆ ನೀರು ಹಾಯಿಸಿ ಸಕ್ಕರೆಯೆಲ್ಲ ಹೋಗುವಂತೆ ತೊಳೆದಿಟ್ಟರು. ಮರುದಿನ ನೋಡಿದರೆ ಅದರಲ್ಲಿ ಮತ್ತೆ ಸಕ್ಕರೆ! ಒಳಗಿದ್ದ ಆ ದಾಸ್ತಾನಿಗೆ 1857ರಲ್ಲಿ ಗ್ಲೈಕೋಜನ್ ಎಂದು ಹೆಸರಿಟ್ಟರು. ಅದು ಹೇಗೆ ಒಡೆದು ಸಕ್ಕರೆಯಾಗುತ್ತದೆ ಎಂದು ತೋರಿಸಿದ ಗರ್ಟಿ ಕೋರಿ ಮತ್ತು ಕಾರ್ಲ್ ಕೋರಿ ದಂಪತಿಗೆ 1947ರಲ್ಲಿ ನೊಬೆಲ್ ಬಂತು. ವೈದ್ಯಶಾಸ್ತ್ರದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಗರ್ಟಿ.

ಮೇಡಂ ವಿವರಿಸಿದಾಗ ನನಗೆ ಯಕೃತ್ತು ಒಂದು ಬ್ಯಾಂಕಿನಂತೆ ಕಂಡಿತು. ಅದರಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್ ಇರುತ್ತದೆ. ಜಮಾ ಮಾಡುವ ಕಿಣ್ವ ಗ್ಲೈಕೋಜನ್ ಸಿಂಥೇಸ್. ಬಿಡಿಸಿ ಕೊಡುವ ಕಿಣ್ವ ಗ್ಲೈಕೋಜನ್ ಫಾಸ್ಫೊರಿಲೇಸ್. ಫಾಸ್ಫೇಟ್ ಅಂಟಿದರೆ ಜಮಾ ನಿಲ್ಲುತ್ತದೆ, ಬಿಡಿಸುವ ಕೆಲಸ ಶುರುವಾಗುತ್ತದೆ. ನಮ್ಮ ಡಬಲ್ ಎಂಟ್ರಿಯ ಹಾಗೆ, ಒಂದೇ ವ್ಯವಹಾರ ಎರಡು ಖಾತೆಗಳನ್ನೂ ಮುಟ್ಟುತ್ತದೆ. ಊಟವಾದ ಮೇಲೆ ಇನ್ಸುಲಿನ್ ಬಂದು ಫಾಸ್ಫೇಟನ್ನು ತೆಗೆಸುತ್ತದೆ, ಆಗ ಜಮಾ ನಡೆಯುತ್ತದೆ. ಮಧುಮೇಹದಲ್ಲಿ ಇನ್ಸುಲಿನ್ ಸಾಲದು, ಇಲ್ಲವೇ ಅದರ ಮಾತನ್ನು ಜೀವಕೋಶಗಳು ಕೇಳುವುದಿಲ್ಲ. ಜಮಾ ಕುಂಟುತ್ತದೆ, ಬಿಡುವುದು ನಿಲ್ಲುವುದಿಲ್ಲ. ಜೊತೆಗೆ ಯಕೃತ್ತು ರಾತ್ರಿಯಿಡೀ ಹೊಸ ಗ್ಲೂಕೋಸನ್ನೂ ತಯಾರಿಸುತ್ತದೆ. ಬೆಳಗಿನ ಏರಿಕೆಯಲ್ಲಿ ಇದರ ಪಾಲು ದೊಡ್ಡದು.

ಹೃದಯದ ಲೆಕ್ಕವೇ ಬೇರೆ. ಅಲ್ಲೂ ಗ್ಲೈಕೋಜನ್ ಇದೆ, ಅದೇ ಎರಡು ಕೆಲಸದ ಕಿಣ್ವಗಳೂ ಇವೆ. ಆದರೆ ಬಿಡಿಸಿದ ಸಕ್ಕರೆಯನ್ನು ರಕ್ತಕ್ಕೆ ಕಳಿಸುವ ಕೊನೆಯ ಕಿಣ್ವ ಇಲ್ಲ. ಹಾಗಾಗಿ ಅದು ಸ್ವಂತ ಖರ್ಚಿನ ಗಲ್ಲಾಪೆಟ್ಟಿಗೆ. ಮಧುಮೇಹ ಬರಿಸಿದ ಇಲಿಗಳ ಪ್ರಯೋಗಗಳಲ್ಲಿ ಯಕೃತ್ತಿನ ಗ್ಲೈಕೋಜನ್ ಕಡಿಮೆಯಾದರೆ ಹೃದಯದಲ್ಲಿ ಹೆಚ್ಚಾಗಿರುವುದು ಕಂಡಿದೆ. ಆ ಹೃದಯ ಹೆಚ್ಚಾಗಿ ಕೊಬ್ಬನ್ನೇ ಉರಿಸುತ್ತದೆ, ಸಕ್ಕರೆ ಖರ್ಚಾಗದೆ ಉಳಿಯುತ್ತದೆ. ಪೆಟ್ಟಿಗೆ ತುಂಬಿದೆ, ಆದರೆ ವ್ಯಾಪಾರ ಚೆನ್ನಾಗಿದೆ ಎಂದಲ್ಲ.

ಇದನ್ನು ಮನೆಯಲ್ಲಿ ಹೇಳುವುದು ಸುಲಭವಾಗಿರಲಿಲ್ಲ. ಕಿಣ್ವಕ್ಕೆ ಉರ್ದುವಿನಲ್ಲಿ ಏನೆನ್ನುತ್ತಾರೋ ನನಗೆ ತಿಳಿಯದು. ಜಿಗರ್, ದಿಲ್ ಎಂಬ ಎರಡು ಪದಗಳಲ್ಲೇ ಎಲ್ಲವನ್ನೂ ವಿವರಿಸಿದೆ. ದಾದಿ ಪೂರ್ತಿ ಕೇಳಿ, "ತೋ ಚೋರ್ ಜಿಗರ್ ಹೈ!" ಎಂದು ನಕ್ಕರು. ಚಾಚಿಯೂ ನಕ್ಕರು. ಆ ವಾರ ಅಬ್ಬಾ ದಾದಿಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋದರು. ಅವರು ರಾತ್ರಿಯ ಮೆಟ್‌ಫಾರ್ಮಿನ್ ಮಾತ್ರೆಯ ಪ್ರಮಾಣ ಬದಲಿಸಿದರು. ಯಕೃತ್ತು ಹೊಸ ಸಕ್ಕರೆ ತಯಾರಿಸುವುದಕ್ಕೆ ಕಡಿವಾಣ ಹಾಕುವುದೇ ಆ ಮಾತ್ರೆಯ ಮುಖ್ಯ ಕೆಲಸವಂತೆ.

ಗೆಳೆಯರೇ, ನಮ್ಮಲ್ಲಿ ಅನೇಕರ ಮನೆಯಲ್ಲಿ ಇಂಥ ಹಿರಿಯರಿದ್ದಾರೆ. ಉಪವಾಸವಿದ್ದರೆ ಶುಗರ್ ತಾನಾಗಿ ಇಳಿಯುತ್ತದೆ ಎಂದು ನಂಬಿ ರಂಜಾನಿನಲ್ಲಿ ಮಾತ್ರೆ ಬಿಡುವವರಿದ್ದಾರೆ. ಡಾಕ್ಟರನ್ನು ಕೇಳದೆ ಹಳೆಯ ಪ್ರಮಾಣದಲ್ಲೇ ಇನ್ಸುಲಿನ್ ತೆಗೆದುಕೊಂಡು ರೋಜಾ ಇಡುವವರೂ ಇದ್ದಾರೆ. ಮೊದಲನೆಯವರಿಗೆ ಶುಗರ್ ಏರಬಹುದು, ಎರಡನೆಯವರಿಗೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಇರುವುದು ನಮಗೆಲ್ಲ ಗೊತ್ತು. ರೋಜಾ ಇಡುವ ಮನಸ್ಸಿದ್ದರೆ ರಂಜಾನಿಗೆ ಒಂದೆರಡು ತಿಂಗಳು ಮೊದಲೇ ಅವರನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಬೆಳಗಿನ ಶುಗರನ್ನು ದಿನವೂ ಒಂದು ಪುಸ್ತಕದಲ್ಲಿ ಬರೆದಿಡಿ. ಆ ಪುಸ್ತಕವನ್ನೂ ತೆಗೆದುಕೊಂಡು ಹೋಗಿ. ಸಂಖ್ಯೆ ಹೆಚ್ಚು ಕಂಡ ದಿನ "ಏನು ತಿಂದಿರಿ?" ಎನ್ನುವ ಮೊದಲು "ರಾತ್ರಿ ಮಾತ್ರೆ ತೆಗೆದುಕೊಂಡಿರಾ, ನಿದ್ದೆ ಬಂತಾ?" ಎಂದು ಕೇಳಿ. ಕೇಳುವ ಪ್ರಶ್ನೆ ಬದಲಾದರೆ ಅವರು ನಿಜವಾಗಿ ತಿಂದದ್ದನ್ನೂ ಭಯವಿಲ್ಲದೆ ಹೇಳುತ್ತಾರೆ.